ಇನ್ನೂರ ಏಳನೆಯ ಪ್ರಶ್ನೆ

ನಮ್ಮ ಮನೆಯ ಬಾಗಿಲ ಚೌಕಟ್ಟಿಗೆ ಒಂದು ತಗಡಿನ ಬಿಲ್ಲೆ ಹೊಡೆದಿತ್ತು. ಅದರ ಮೇಲೆ ೨೦೭ ಎಂದು ಬರೆದಿತ್ತು. ತುಕ್ಕು ಹಿಡಿದು ಅಂಕಿ ಮಸುಕಾದಾಗಲೆಲ್ಲ ದೊಡ್ಡವ್ವ ಸುಣ್ಣದಲ್ಲಿ ಕಡ್ಡಿ ಅದ್ದಿ ತಿದ್ದುತ್ತಿದ್ದಳು. ಅಂಥ ಬಿಲ್ಲೆಯಿದ್ದ ಮನೆಗಳು ನಮ್ಮೂರಲ್ಲಿ ಮುನ್ನೂರಕ್ಕೂ ಹೆಚ್ಚು. ಬಿಲ್ಲೆ ಇದೆಯೆಂದರೆ ಆ ಮನೆಯದೊಂದು ಪ್ರಶ್ನೆ ಯಂತ್ರದಲ್ಲಿದೆ ಎಂದು ತಿಳಿಯಬೇಕು. ಪ್ರಶ್ನೆ ಯಂತ್ರದಲ್ಲಿರುವಷ್ಟು ದಿನ ಮನೆಯವರು ಆ ವಿಷಯ ಎತ್ತುವಂತಿಲ್ಲ, ಹೊರಗಿನವರು ಕೇಳುವಂತಿಲ್ಲ. ಬೀಗರು ಬಂದರೂ ಮೊದಲು ಚೌಕಟ್ಟು ನೋಡಿ, ಆಮೇಲೆ ಚಪ್ಪಲಿ ಬಿಡುತ್ತಿದ್ದರು.

ನನಗೊಬ್ಬ ಸೋದರಮಾವನಿದ್ದನೆಂಬುದು ಎಂಟನೆಯ ಇಯತ್ತೆಯವರೆಗೆ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಇಷ್ಟೇ: ನಾನು ಹುಟ್ಟುವುದಕ್ಕೆ ಮುಂಚೆ ಅವನು ಕೆರೆಗೆ ಹೋದ, ತಿರುಗಿ ಬರಲಿಲ್ಲ. ಹೆಸರು ಕೇಳಿದೆ. ಶಾಲೆಯಲ್ಲಿ ಇದನ್ನು ನನಗೆ ಹೇಳುತ್ತಿದ್ದ ಹುಡುಗ ಬಾಯಿ ಮುಚ್ಚಿಕೊಂಡು ನಮ್ಮ ಓಣಿಯ ಕಡೆ ನೋಡಿದ. ಅವನು ಒಳ್ಳೆಯ ಮನೆತನದ ಹುಡುಗ.

ಕೇಳಿದ ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರ ಕೊಡುವ ಆ ಯಂತ್ರವಿದ್ದದ್ದು ಕೆರೆ ದಂಡೆಯ ಹಳೆಯ ಹತ್ತಿ ಮಿಲ್ಲಿನಲ್ಲಿ. ಒಳಗೆ ಆಳೆತ್ತರದ ಕಪಾಟುಗಳ ಸಾಲುಗಳು. ಅವುಗಳ ನಡುವೆ ಒಬ್ಬರು ಹೋಗುವಷ್ಟೇ ಜಾಗ. ಅದನ್ನು ತಣ್ಣಗಿಡಲು ಕೆರೆಯ ನೀರನ್ನು ಒಂದು ಕೊಳವೆಯಿಂದ ಎಳೆದು ಇನ್ನೊಂದರಿಂದ ಹೊರಗೆ ಬಿಡುತ್ತಿದ್ದರು. ಹೊರಬರುವ ನೀರು ಹದವಾಗಿ ಬಿಸಿಯಿರುತ್ತಿತ್ತು. ಆ ಕಡೆಯ ಮೆಟ್ಟಿಲುಗಳಿಗೆ ಬಿಸಿಮೆಟ್ಟಿಲು ಎಂದೇ ಹೆಸರು. ಚಳಿಗಾಲದ ಬೆಳಗಿನಲ್ಲಿ ಹೆಂಗಸರು ಸೀರೆ ಎತ್ತಿ ಕಟ್ಟಿ ಮೊಣಕಾಲಮಟ ನೀರಲ್ಲಿ ನಿಂತು ಬಟ್ಟೆ ಒಗೆಯುತ್ತಿದ್ದರೆ ಅವರ ಸುತ್ತ ಹಬೆ ಏಳುತ್ತಿತ್ತು. ನನ್ನನ್ನು ಅವ್ವ ಮೊದಲ ಸಲ ಮೀಯಿಸಿದ್ದೂ ಅಲ್ಲಿಯೇ. ಈಗಲೂ ಯಾವುದೋ ಊರಿನ ಲಾಡ್ಜಿನಲ್ಲಿ ನಲ್ಲಿಯಿಂದ ಬಿಸಿನೀರು ಬಿದ್ದಾಗ ನನಗೆ ಯಂತ್ರದ ನೆನಪಾಗುತ್ತದೆ.

ಅದು ನಿಧಾನದ ಯಂತ್ರ. ಸಣ್ಣ ಪ್ರಶ್ನೆಗೆ ಹನ್ನೊಂದು ದಿನ, ದೊಡ್ಡದಕ್ಕೆ ವರ್ಷಗಳು. ಬೇರೆ ಊರಿನಿಂದ ಕೇಳಲು ಬಂದವರು ಕೊಟ್ರಪ್ಪನ ಚಹಾದಂಗಡಿಯ ಬೆಂಚುಗಳ ಮೇಲೆ ಕಾಯುತ್ತ ಕೂತು ಎಷ್ಟೋ ಸಲ ಕೇಳಿದ್ದನ್ನೇ ಮರೆತು ಹೋಗಿದ್ದುಂಟು. ಊರವರಿಗೆ ಈ ನಿಧಾನದ ಉಪಯೋಗ ಗೊತ್ತಿತ್ತು. ಉಳ್ಳಾಗಡ್ಡಿಯವರ ಮನೆಯ ಅಣ್ಣತಮ್ಮಂದಿರು ಗಡಿಯ ಮೇಲಿನ ಹುಣಸೆಮರ ಯಾರದೆಂದು ಕೊಡಲಿ ಹಿಡಿದು ನಿಂತಾಗ ಹಿರಿಯರು ಪ್ರಶ್ನೆಯನ್ನು ಯಂತ್ರಕ್ಕೆ ಹಾಕಿಸಿದರು. ಮರದ ಬೇರು ನೆಲದೊಳಗೆ ಯಾವ ಯಾವ ದಿಕ್ಕಿಗೆ ಹೋಗಿದೆಯೆಂದು ಯಂತ್ರ ಎಣಿಸುತ್ತ ಹೋಯಿತು. ಹತ್ತೊಂಬತ್ತು ವರ್ಷ ಇಬ್ಬರೂ ಸೇರಿ ಹಣ್ಣು ಬಡಿದರು, ಸೇರಿ ಕುಟ್ಟಿದರು. ಯಾರಾದರೂ ಕೆಣಕಿದರೆ, “ಯಂತ್ರದಾಗೈತಿ” ಎನ್ನುತ್ತಿದ್ದರು. ಆ ಒಂದು ಮಾತು ನಮ್ಮೂರಲ್ಲಿ ಎಷ್ಟು ತಲೆಗಳನ್ನು ಉಳಿಸಿದೆಯೋ.

ನಮ್ಮ ಮನೆಯಲ್ಲಿ ಅವ್ವ, ದೊಡ್ಡವ್ವ, ನಾನು. ಮನೆಅಳಿಯನಾಗಿ ಬಂದ ಅಪ್ಪ ನಾನು ಕಾಲೇಜಿನಲ್ಲಿದ್ದಾಗ ತೀರಿಹೋಗಿದ್ದ. ದೊಡ್ಡವ್ವ, ಅಂದರೆ ಅವ್ವನ ಅಕ್ಕ ನೀಲವ್ವ, ಮದುವೆಯಾಗಿರಲಿಲ್ಲ. ಅಕ್ಕತಂಗಿ ಒಂದೇ ಒಲೆಯಲ್ಲಿ ಅಡಿಗೆ ಮಾಡುತ್ತಿದ್ದರು. ಒಬ್ಬಳು ರೊಟ್ಟಿ ಬಡಿದರೆ ಇನ್ನೊಬ್ಬಳು ಬೇಯಿಸುತ್ತಿದ್ದಳು. ಜಗಳವೆಂಬುದು ನಾನು ಕಂಡಿಲ್ಲ. ಆದರೆ ಮಾತು ನಡೆಯುತ್ತ ನಡೆಯುತ್ತ ಒಮ್ಮೆಲೆ ನಿಂತುಬಿಡುತ್ತಿತ್ತು. ಕೆರೆ ಎಂಬ ಮಾತು ಬಂದರೆ, ಬಯಲಾಟದ ಮದ್ದಳೆ ದೂರದಲ್ಲಿ ಕೇಳಿದರೆ, ಯಾರೋ ಇಳಕಲ್ ಸೀರೆ ಉಟ್ಟು ಬಂದರೆ, ಇಬ್ಬರೂ ಸುಮ್ಮನಾಗುತ್ತಿದ್ದರು. ಮನೆಯಲ್ಲಿ ಎಲ್ಲಿ ಎಲ್ಲಿ ಮೌನವಿದೆಯೆಂದು ನಾನು ಚಿಕ್ಕಂದಿನಲ್ಲೇ ಕಲಿತಿದ್ದೆ, ಕತ್ತಲೆಯ ಕೋಣೆಯಲ್ಲಿ ಕಂಬಗಳು ಎಲ್ಲಿವೆಯೆಂದು ಕಲಿಯುವ ಹಾಗೆ. ಪದವಿ ಮುಗಿಸಿ ಬಂದು ಎರಡು ವರ್ಷ ಕೆಲಸವಿಲ್ಲದೆ ಕೂತಾಗ ಆ ಮೌನಗಳ ನಡುವೆಯೇ ಓಡಾಡಿದೆ. ನಿಜ ಹೇಳಬೇಕೆಂದರೆ ನನಗೆ ಅದು ಹಿತವಾಗಿಯೇ ಇತ್ತು.

ಆಗ ಹಳೆಯ ಯಂತ್ರದ ಬದಲಿಗೆ ಹೊಸ ಪ್ರೊಸೆಸರ್ ಬರುತ್ತದೆಂಬ ಸುದ್ದಿ ಬಂತು. ಅದರ ಜೊತೆ ನನಗೂ ಕೆಲಸ ಸಿಕ್ಕಿತು. ಬಾಕಿ ಉಳಿದ ಪ್ರಶ್ನೆಗಳ ಕಡತಗಳನ್ನೆಲ್ಲ ಹೊಸದಕ್ಕೆ ಟೈಪ್ ಮಾಡಿ ಕೊಡಬೇಕಿತ್ತು. ನಲವತ್ತು ವರ್ಷದಿಂದ ಪ್ರಶ್ನೆ ಬರೆದುಕೊಳ್ಳುತ್ತಿದ್ದ ಕಾಡಯ್ಯ ಕಾಕಾನ ಕಣ್ಣಿಗೆ ಪೊರೆ ಬಂದಿತ್ತು, ಕೈ ನಡುಗುತ್ತಿತ್ತು.

ಹೊಸದು ಬಂದದ್ದು ಒಂದು ಸ್ಟೀಲ್ ಡಬ್ಬಿಯಲ್ಲಿ. ತಂದವಳು ವಾರಿಜಾ ಎಂಬ ಇಂಜಿನಿಯರ್. ಮೂವತ್ತರ ಆಸುಪಾಸಿನ, ಬೇಗ ಬೇಗ ನಡೆಯುವ ಹೆಣ್ಣುಮಗಳು. ಬಸ್ಸಿನಿಂದ ಇಳಿದವಳೇ ಕಿವಿಗೆ ಅಂಗೈ ಹಿಡಿದು, “ಹೇಗೆ ಇರ್ತೀರಪ್ಪ ಈ ಶಬ್ದದಲ್ಲಿ?” ಅಂದಳು.

“ಯಾವ ಶಬ್ದರಿ?” ಕಾಡಯ್ಯ ಕಾಕಾ ಅತ್ತಿತ್ತ ನೋಡಿದ.

“ಈ ಗುಂಯ್ ಅನ್ನೋದು. ನೆಲದೊಳಗಿಂದ ಬರ್ತಾ ಇದೆಯಲ್ಲ.”

ನಾನೂ ಕಿವಿಗೊಟ್ಟೆ. ನನಗೇನೂ ಕೇಳಿಸಲಿಲ್ಲ. “ಬಸ್ಸಿನ ಮಬ್ಬು ಇರಬೇಕು, ಚಾ ಕುಡೀರಿ” ಎಂದು ಕಾಕಾ ಅವಳನ್ನು ಕೊಟ್ರಪ್ಪನ ಅಂಗಡಿಗೆ ಕರೆದೊಯ್ದ.

ಅಲ್ಲಿಯೇ ಊರು ನೆರೆಯಿತು. ಅವಳು ಡಬ್ಬಿ ತೆಗೆದು ತೋರಿಸಿದಳು. ಒಳಗೆ ಹತ್ತಿಯ ಮೇಲೆ ಕಿರುಬೆರಳ ಉಗುರಿನಷ್ಟು ಹೊಳೆಯುವ ಬಿಲ್ಲೆ. ಮುಂದಿನ ಸಾಲಿನವರು ನೋಡಿ ಹಿಂದಿನವರಿಗೆ ಜಾಗ ಬಿಟ್ಟರು. ಹೆಣದ ಮುಖ ನೋಡಲು ಬಂದವರೂ ಹೀಗೆಯೇ ಜಾಗ ಬಿಡುತ್ತಾರೆ.

“ಹಳೇ ಯಂತ್ರದಲ್ಲಿ ವಿದ್ಯುತ್ತು ಓಡುತ್ತೆ. ಓಡಿ ಓಡಿ ಬಿಸಿಯಾಗುತ್ತೆ. ಇದರೊಳಗೆ ಓಡೋದು ಬೆಳಕು. ಬಿಸಿ ಇಲ್ಲ, ಶಬ್ದ ಇಲ್ಲ,” ಅಂದಳು ವಾರಿಜಾ. “ನಿಮ್ಮ ಯಂತ್ರಕ್ಕೆ ಮೂವತ್ತು ವರ್ಷ ಬೇಕಾಗೋ ಲೆಕ್ಕವನ್ನ ಇದು ನೀವು ಒಂದು ಗುಟುಕು ಚಹಾ ನುಂಗೋದರೊಳಗೆ ಮುಗಿಸುತ್ತೆ. ಇವತ್ತು ಪ್ರಶ್ನೆಗಳು. ಮುಂದೆ ಏನೇನೋ ಆಗುತ್ತೆ. ಯಾವ ಹೊಲದ ಮೇಲೆ ಯಾವ ಗಳಿಗೆಗೆ ಮಳೆ ಬೀಳುತ್ತೆ, ಯಾರ ಮೈಗೆ ಯಾವ ಔಷಧಿ ಹಿಡಿಯುತ್ತೆ, ಹೊಟ್ಟೇಲಿರೋ ಮಗುವಿನ ಹೃದಯ ಐವತ್ತನೇ ವರ್ಷಕ್ಕೆ ಹೇಗಿರುತ್ತೆ. ಒಂದು ರೋಗಕ್ಕೆ ಔಷಧಿ ಕಂಡುಹಿಡಿಯೋಕೆ ಹತ್ತು ವರ್ಷ ಬೇಕಿತ್ತು. ಇನ್ನು ಬೆಳಗ್ಗೆ ಶುರು ಮಾಡಿದರೆ ಮಧ್ಯಾಹ್ನದ ಊಟದೊಳಗೆ ಸಿಗುತ್ತೆ.”

“ಛಲೋ ಆತು,” ಅಂದ ಕೊಟ್ರಪ್ಪ. “ಊಟ ಆದಮ್ಯಾಲೆ ಏನ್ ಮಾಡೂದ್ರಿ?”

ಎಲ್ಲರೂ ನಕ್ಕರು. ವಾರಿಜಾಳೂ ನಕ್ಕಳು. ಕೊಟ್ರಪ್ಪ ನಗಲಿಲ್ಲ. “ಅಲ್ರೀ ಅಕ್ಕಾರ, ನಾ ಖರೇನ ಕೇಳಾಕತ್ತೀನಿ. ಚಾ ಕುದಿಯೂದ್ರೊಳಗ ಉತ್ತರ ಬಂದ್ರ ಈ ಬೆಂಚಿನ ಮ್ಯಾಲೆ ಯಾರ ಕುಂಡ್ರತಾರ?”

ಅವಳು ಕೆಟ್ಟವಳಲ್ಲ. ಅವಳ ತಮ್ಮನಿಗೆ ಹೆಸರಿಲ್ಲದ ಒಂದು ಕಾಯಿಲೆಯಿತ್ತೆಂದೂ ಅದಕ್ಕೆ ಔಷಧಿಯ ಲೆಕ್ಕ ಇನ್ನೂ ಎಲ್ಲೋ ಹಳೆಯ ಯಂತ್ರವೊಂದರಲ್ಲಿ ತೆವಳುತ್ತಿದೆಯೆಂದೂ ಆಮೇಲೆ ನನಗೆ ಹೇಳಿದಳು. ಕಾಯುವುದನ್ನು ಅವಳಿಗೆ ಹೊಗಳಿ ಹೇಳುವುದು ಸಾಧ್ಯವಿರಲಿಲ್ಲ. ನಾನು ಹೇಳಲೂ ಇಲ್ಲ.

ಮೊದಲ ದಿನ ಹನ್ನೊಂದು ಕಡತ ಕೊಟ್ಟೆವು. ಹನ್ನೊಂದು ಉತ್ತರ ಬಂದವು. ಪದ್ಧತಿಯಂತೆ ಉತ್ತರದ ಚೀಟಿಯನ್ನು ಅಂದೇ ಮನೆಗೆ ಮುಟ್ಟಿಸಿ ಚೌಕಟ್ಟಿನ ಬಿಲ್ಲೆ ಕೀಳಬೇಕು. ಹುಣಸೆಮರ ಅಣ್ಣನದೆಂದು ಬಂತು. ಅಣ್ಣನೇನೂ ಹಿಗ್ಗಲಿಲ್ಲ. “ಇರ್ಲಿ ಬಿಡೋ, ಹಣ್ಣು ಇಬ್ರೂ ತಿನ್ನೂನು” ಅಂದ. ತಮ್ಮ ತಿರುಗಿ ಒಳಗೆ ಹೋದ. ಸಂಜೆಯೊಳಗೆ ಎರಡು ಮನೆಗಳ ನಡುವೆ ಜಾಲಿಮುಳ್ಳಿನ ಬೇಲಿ ಎದ್ದಿತ್ತು. ಹಾಗೆಂದು ಎಲ್ಲ ಉತ್ತರಗಳೂ ಮುಳ್ಳಾಗಲಿಲ್ಲ. ಶಾಲೆಯ ಗೌರವ್ವ ಟೀಚರೂ ಅಂಚೆಯ ದ್ಯಾಮಣ್ಣನೂ ತಮಗೆ ಕೂಡಿ ಬರುತ್ತದೋ ಇಲ್ಲವೋ ಎಂದು ಹದಿನಾಲ್ಕು ವರ್ಷದ ಹಿಂದೆ ಕೇಳಿದ್ದರು. ಅಂದಿನಿಂದ ದಿನಾ ಸಂಜೆ ಕೆರೆಯ ಏರಿಯ ಮೇಲೆ ಒಂದು ಮಾರು ದೂರ ಬಿಟ್ಟು ಕೂರುತ್ತಿದ್ದರು. ಕೂಡಿ ಬರುತ್ತದೆಂದು ಚೀಟಿ ಬಂತು. ಮರುದಿನದಿಂದ ಏರಿಯ ಮೇಲೆ ಇಬ್ಬರೂ ಕಾಣಲಿಲ್ಲ, ತಿಂಗಳೊಳಗೆ ಮದುವೆಯಾಯಿತು.

ಆ ಸಂಜೆ ನಾನು ಮನೆಗೆ ಹೋದಾಗ ದೊಡ್ಡವ್ವ ಒಂದು ಕೈಚೀಲದಲ್ಲಿ ಎರಡು ಸೀರೆ, ಒಂದು ತಂಬಿಗೆ, ವಿಭೂತಿ ಗಟ್ಟಿ ಇಟ್ಟು ಬಾಗಿಲ ಹಿಂದೆ ಒರಗಿಸಿದ್ದಳು.

“ಎಲ್ಲಿಗೆ ದೊಡ್ಡವ್ವಾ?”

“ಎಲ್ಲಿಗೂ ಇಲ್ಲ. ತಯಾರ ಇಟ್ಟೀನಿ.” ಚೀಲದ ಬಾಯಿ ಕಟ್ಟಿ ಹೇಳಿದಳು: “ಮಠದಾಗ ರೊಟ್ಟಿ ಬಡಿಯಾಕ ಒಬ್ಬಾಕಿ ಬೇಕಾಗ್ಯಾಳಂತ.”

ಅವ್ವ ಒಲೆಯ ಮುಂದೆ ಕೂತಿದ್ದಳು. ಕೇಳಿಸಿಕೊಂಡಳು. ರೊಟ್ಟಿ ಹೊತ್ತಿತು, ತೆಗೆಯಲಿಲ್ಲ. ಉತ್ತರವೊಂದು ಬರುವುದಿದೆ, ಅದು ದೊಡ್ಡವ್ವನ ಮೇಲೆ ಬೀಳಬಹುದು, ಬಿದ್ದರೆ ಅವಳು ಈ ಮನೆಯಲ್ಲಿ ಉಳಿಯುವುದಿಲ್ಲ ಎಂಬಷ್ಟು ನನಗೆ ತಿಳಿಯಿತು. ಕೇಳುವಂತಿರಲಿಲ್ಲ. ಚೌಕಟ್ಟಿನಲ್ಲಿ ೨೦೭ ಇನ್ನೂ ಇತ್ತು. ಅದಕ್ಕೆ ಅಂದು ಹೊಸದಾಗಿ ಸುಣ್ಣ ಬಳಿದಿದ್ದಳು.

ಹದಿನೇಳನೆಯ ದಿನ ಕಾಡಯ್ಯ ಕಾಕಾ ಆ ಕಡತವನ್ನು ಎರಡೂ ಕೈಯಲ್ಲಿ ಎತ್ತಿ ತಂದು ನನ್ನ ಮೇಜಿನ ಮೇಲಿಟ್ಟ. ಬೇರೆ ಕಡತಗಳಲ್ಲಿ ಏಳೆಂಟು ಹಾಳೆ. ಇದು ಇಟ್ಟಿಗೆಯಷ್ಟು ದಪ್ಪವಿತ್ತು.

“ನಿಮ್ಮ ಮನೀದು. ನೀನ ಮಾಡು,” ಅಂದ. “ನಾ ಹೊರಗ ಕುಂತಿರತೀನಿ.”

ಮೊದಲ ಹಾಳೆಯಲ್ಲಿ ಪ್ರಶ್ನೆ. ಓದಿದೆ. ನನ್ನ ಸೋದರಮಾವನ ಹೆಸರು ಫಕೀರಪ್ಪ. ವಯಸ್ಸು ಹತ್ತೊಂಬತ್ತು. ಮಧ್ಯಾಹ್ನ ಹರಿಗೋಲಿನಲ್ಲಿ ಒಬ್ಬನೇ ಆಚೆ ದಂಡೆಗೆ ಬಯಲಾಟದ ತಾಲೀಮಿಗೆ ಹೊರಟಿದ್ದ. ರಾಣಿಯ ಪಾತ್ರಕ್ಕೆಂದು ತಂಗಿ ಪಾರವ್ವನ ಮದುವೆಯ ಇಳಕಲ್ ಸೀರೆಯನ್ನು ಹೇಳದೆ ಒಯ್ದಿದ್ದ. ಪಾರವ್ವ, ಅಂದರೆ ನನ್ನ ಅವ್ವ, ಮೆಟ್ಟಿಲ ಮೇಲೆ ನಿಂತು ಅವನನ್ನು ತಿರುಗಿ ಕರೆಯಬೇಕೆಂದಿದ್ದಳು. ಅಕ್ಕ ನೀಲವ್ವ, “ಕರೀಬ್ಯಾಡ, ಹೋಗ್ಲಿ ಬಿಡು” ಎಂದು ತಡೆದಳು. ಅರ್ಧ ಕೆರೆ ದಾಟಿದ ಮೇಲೆ ಗಾಳಿ ಎದ್ದಿತು. ಪ್ರಶ್ನೆ ಇಷ್ಟು: ಅವನು ಕೆರೆಯೊಳಗಿನ ಆನೆಬಂಡೆಯ ಹತ್ತಿರ ಇದ್ದಾಗ ಮೆಟ್ಟಿಲ ಮೇಲಿಂದ ಹೆಸರು ಹಿಡಿದು ಕರೆದಿದ್ದರೆ ಅವನಿಗೆ ಕೇಳಿಸುತ್ತಿತ್ತೇ?

ಅದರ ಕೆಳಗೆ ಹಳದಿ ಹಾಳೆಗಳು. ಅವನ್ನು ನಮ್ಮಲ್ಲಿ ಸೇರ್ಪಡೆ ಎನ್ನುತ್ತಿದ್ದರು. ಪ್ರಶ್ನೆ ಹಾಕಿದವರಿಗೆ ಆಮೇಲೆ ಏನಾದರೂ ನೆನಪಾದರೆ ಬಂದು ಬರೆಸಬಹುದು. ಆದರೆ ಹೊಸ ಸಂಗತಿಯೊಂದು ಸೇರಿದರೆ ಯಂತ್ರ ಲೆಕ್ಕವನ್ನು ಮೊದಲಿನಿಂದ ಶುರು ಮಾಡಬೇಕು. ಅದಕ್ಕೇ ಜನ ಒಂದೋ ಎರಡೋ ಬರೆಸಿ ಸುಮ್ಮನಾಗುತ್ತಿದ್ದರು. ಈ ಕಡತದಲ್ಲಿ ಮೂವತ್ತೊಂದು ವರ್ಷಗಳಲ್ಲಿ ನೂರಾ ಹನ್ನೆರಡು ಸೇರ್ಪಡೆಗಳಿದ್ದವು. ಕೆಲವು ಅವ್ವನ ಕೈಬರಹದವು. ಉಳಿದವು ಕಾಡಯ್ಯ ಕಾಕಾನ ಬರಹ, ಕೆಳಗೆ ದೊಡ್ಡವ್ವನ ಹೆಬ್ಬೆಟ್ಟು.

‘ಅವನು ನೀಲಿ ಗೆರೆಯ ಅಂಗಿ ಹಾಕಿದ್ದ’ ಎಂದು ಅವ್ವ ಬರೆದಿದ್ದಳು. ‘ಅಂಗಿ ಬಿಳಿಯದು, ಎಡತೋಳಿಗೆ ನಾನೇ ತೇಪೆ ಹಚ್ಚಿದ್ದೆ’ ಎಂದು ದೊಡ್ಡವ್ವ ಬರೆಸಿದ್ದಳು. ‘ಅವನ ಎಡಗಿವಿ ಚಿಕ್ಕಂದಿನಿಂದ ಸೋರುತ್ತಿತ್ತು, ಆ ಕಡೆಯಿಂದ ಕರೆದರೆ ತಿರುಗುತ್ತಿರಲಿಲ್ಲ.’ ‘ಎರಡು ರೊಟ್ಟಿ ತಿಂದಿದ್ದ, ಮೂರನೆಯದರ ಅರ್ಧ ಬಿಟ್ಟ.’ ‘ಹುಟ್ಟು ಹಾಕುವಾಗ ರಾಣಿಯ ಮಾತು ಬಾಯಿಪಾಠ ಮಾಡುತ್ತಿದ್ದ, ಹೆಣ್ಣುದನಿಯಲ್ಲಿ.’ ಇವುಗಳಿಗೆ ಲೆಕ್ಕದಲ್ಲಿ ಏನಾದರೂ ಜಾಗವಿದ್ದೀತು. ಆದರೆ ವರ್ಷ ಕಳೆದಂತೆ ಲೆಕ್ಕಕ್ಕೆ ಸಂಬಂಧವೇ ಇಲ್ಲದ ಹಾಳೆಗಳು ಬರತೊಡಗಿದ್ದವು. ‘ಬೆಲ್ಲ ಕದ್ದರೆ ಇರುವೆಯ ಮೇಲೆ ಹಾಕುತ್ತಿದ್ದ.’ ‘ನನಗೆ ಜ್ವರ ಬಂದಾಗ ಕಾಗೆಯ ಹಾಗೆ ಕೂಗಿ ನಗಿಸಿದ್ದ.’ ‘ಇಂದು ಅವನಿಗೆ ನಲವತ್ತು ತುಂಬುತ್ತಿತ್ತು.’

ಹೊರಗೆ ಬಂದು ಕಾಕಾನ ಪಕ್ಕ ಕೂತೆ.

“ಇಬ್ರೂ ಬರ್ತಿದ್ರೇನ್ ಕಾಕಾ?”

“ಒಬ್ಬಾಕಿ ಮಂಗಳವಾರ, ಒಬ್ಬಾಕಿ ಶುಕ್ರವಾರ. ಒಬ್ಬಾಕಿ ಬರೂದು ಇನ್ನೊಬ್ಬಾಕಿಗೆ ಗೊತ್ತಿರಲಿಲ್ಲ. ಕುಂತು ಅವನ ಬಗ್ಗೆ ಹೇಳ್ತಿದ್ರು. ಎಷ್ಟೋ ಸಲ ಬರಕೊಳ್ಳೂದು ಬಿಟ್ಟು ಕೇಳಿಕೋಂತ ಕುಂತಬಿಡ್ತಿದ್ದೆ.”

“ಪ್ರತಿ ಸಲ ಮೊದಲಿಂದ ಶುರು ಆಗ್ತಿತ್ತಲ್ಲ.”

“ಆಗ್ತಿತ್ತು.”

“ನೀವು ಮನ್ಯಾಗ ಒಂದ ಮಾತು ಹೇಳಬೇಕಿತ್ತು.”

ಕಾಕಾ ಪೊರೆ ಬಂದ ಕಣ್ಣು ನನ್ನ ಕಡೆ ತಿರುಗಿಸಿದ. “ಹುಚ್ಚಪ್ಪಾ, ಯಂತ್ರದಾಗಿತ್ತಲ್ಲೋ.”

ಆ ಮಧ್ಯಾಹ್ನವೆಲ್ಲ ಟೈಪ್ ಮಾಡಿದೆ. ಒಂದೂ ಬಿಡಲಿಲ್ಲ, ಇರುವೆಯನ್ನೂ ಬೆಲ್ಲವನ್ನೂ ಹಾಕಿದೆ. ಎರಡು ಅಂಗಿಗಳನ್ನೂ ಹಾಕಿದೆ. ಕೊನೆಯ ಅಕ್ಷರದಿಂದ ಬೆರಳು ತೆಗೆಯುವಷ್ಟರಲ್ಲಿ ಚೀಟಿ ಹೊರಬಂದಿತ್ತು. ಮೂವತ್ತೊಂದು ವರ್ಷ, ನೂರಾ ಹನ್ನೆರಡು ಸಲ ಮೊದಲಿನಿಂದ ಶುರುವಾದದ್ದು, ನನ್ನ ಬೆರಳು ಗಾಳಿಯಲ್ಲಿರುವಾಗಲೇ ಮುಗಿದಿತ್ತು. ಚೀಟಿಯನ್ನು ಮಡಚಿಯೇ ಲಕೋಟೆಗೆ ಹಾಕಿ ಅಂಟಿಸಿದೆ. ಓದಲಿಲ್ಲ. ಇದರಲ್ಲಿ ನನ್ನ ದೊಡ್ಡತನವೇನಿಲ್ಲ, ಹೆದರಿಕೆಯಿತ್ತು ಅಷ್ಟೇ.

ಉಳಿದ ಕಡತಗಳು ಮುಗಿಯಲು ಇನ್ನೂ ನಾಲ್ಕು ದಿನವಿತ್ತು. ಆದರೆ ಎಲ್ಲವೂ ಈಗ ಹೊಸದರ ಪಾಲಾದ್ದರಿಂದ ಹಳೆಯ ಯಂತ್ರವನ್ನು ಅಂದೇ ನಾಲ್ಕು ಗಂಟೆಗೆ ನಿಲ್ಲಿಸಿದರು. ಕಾಡಯ್ಯ ಕಾಕಾನ ಕೈಯಿಂದಲೇ ಹಿಡಿಕೆ ಎಳೆಸಿದರು. ಕಪಾಟುಗಳ ಸಣ್ಣ ದೀಪಗಳು ಸಾಲುಸಾಲಾಗಿ ಆರಿದವು. ಆಮೇಲೆ ಆದದ್ದನ್ನು ಹೇಗೆ ಹೇಳಲಿ? ಏನೋ ಕಿವಿಯಿಂದ ಬಿದ್ದುಹೋಯಿತು. ಹೊರಗೆ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಮರದ ಮೇಲಿನ ಕೊಕ್ಕರೆಗಳು ಎದ್ದು ಹಾರಿದವು. ಕೊಟ್ರಪ್ಪ ಅಂಗಡಿಯಿಂದ ಓಡಿಬಂದು “ಏನಾತು, ಏನಾತು?” ಎಂದು ಕಿರುಚಿ, ತನ್ನ ದನಿಗೆ ತಾನೇ ಬೆಚ್ಚಿದ. ನಾವೆಲ್ಲ ಜನ್ಮಾರಭ್ಯ ಗಟ್ಟಿಯಾಗಿ ಮಾತಾಡುತ್ತಿದ್ದೆವು, ಅದು ಆಗ ತಿಳಿಯಿತು.

ಕಡತವನ್ನು ಬಗಲಲ್ಲಿಟ್ಟುಕೊಂಡು, ಲಕೋಟೆಯನ್ನು ಕಿಸೆಯಲ್ಲಿಟ್ಟುಕೊಂಡು ಮನೆಗೆ ನಡೆದೆ. ನನ್ನ ಚಪ್ಪಲಿಯ ಸದ್ದು ನನಗೇ ಕೇಳುತ್ತಿತ್ತು. ಅಕ್ಕತಂಗಿ ಕಟ್ಟೆಯ ಮೇಲೆ ಕೂತಿದ್ದರು. ಕೈಚೀಲ ದೊಡ್ಡವ್ವನ ಕಾಲ ಬಳಿಯಿತ್ತು. ನಾನು ಉಳಿಯ ತುದಿಯಿಂದ ಬಿಲ್ಲೆಯನ್ನು ಕಿತ್ತೆ. ಅದರ ಹಿಂದಿನ ಕಟ್ಟಿಗೆ ಹೊಸದರಂತೆ ಹಳದಿಯಾಗಿತ್ತು.

“ಬಂತು,” ಅಂದೆ. ಲಕೋಟೆ ತೆಗೆದೆ.

ದೊಡ್ಡವ್ವ ಕೈ ಚಾಚಲಿಲ್ಲ. “ಬಗಲಾಗಿಂದು ಏನದು?”

“ಕಡತ. ನೀವಿಬ್ರೂ ಬರಸಿದ್ದು.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇಬ್ಬರೂ ಎಂಬ ಮಾತನ್ನು ಅವರು ಅರ್ಥ ಮಾಡಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

“ನೀನೂ ಹೋಗ್ತಿದ್ದೇನ?” ಅವ್ವ ಕೇಳಿದಳು.

“ಮೊದಲ ಅದನ್ನ ಓದು ತಮ್ಮಾ,” ಅಂದಳು ದೊಡ್ಡವ್ವ ನನಗೆ. “ಚೀಟಿ ಎಲ್ಲಿ ಓಡಿಹೋಗತೈತಿ.”

ಕಟ್ಟೆಯ ಮೇಲೆ ಕೂತು ಮೊದಲಿನಿಂದ ಓದತೊಡಗಿದೆ. ಅವನ ಹೆಸರನ್ನು ಆ ಮನೆಯಲ್ಲಿ ನಾನೇ ಮೊದಲು ಉಚ್ಚರಿಸಿದೆ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಂಗಿಯ ಹಾಳೆಗಳು ಬಂದವು. ದೊಡ್ಡವ್ವ ಕೈ ಎತ್ತಿ ತಡೆದಳು.

“ನೀಲಿ ಗೆರಿ ಅಂಗಿ? ಅದು ಅವತ್ತ ದಾರದ ಮ್ಯಾಲೆ ಒಣಗಾಕ ಹಾಕಿತ್ತಲ್ಲ ಪಾರೂ.”

“ನಾ ಕಣ್ಣಾರೆ ನೋಡೀನಿ.”

“ನೀ ಸೀರಿ ನೋಡೀದಿ, ಅಂಗಿ ಎಲ್ಲಿ ನೋಡೀದಿ? ತೇಪಿ ಹಚ್ಚಿದಾಕಿ ನಾನು.”

“ಬಿಳೀ ಅಂಗಿ ಅವಗ ಕುತಗೀ ತಾವ ಬಿಗಿ ಆಗ್ತಿತ್ತು. ಹಾಕ್ಕೋತಿದ್ದಿಲ್ಲ.”

“ಹಂಗಾದ್ರ ಎರಡೂ ಹಾಕ್ಕೊಂಡ ಹೋಗ್ಯಾನ ಬಿಡು.”

ಅವ್ವನಿಗೆ ನಗು ಬಂದುಬಿಟ್ಟಿತು. ನನ್ನ ಇಪ್ಪತ್ನಾಲ್ಕು ವರ್ಷದಲ್ಲಿ ಅವರಿಬ್ಬರೂ ವಾದ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಇರುವೆಗೆ ಇಬ್ಬರೂ ನಕ್ಕರು. ಎಡಗಿವಿಗೆ ಇಬ್ಬರೂ ತಲೆಯಾಡಿಸಿದರು. ಬಿಸಿಲು ಕಟ್ಟೆಯಿಂದ ಇಳಿದು ಅಂಗಳಕ್ಕೆ ಹೋಯಿತು. ಅಷ್ಟರಲ್ಲಿ ಆರನೆಯ ವರ್ಷದ ಒಂದು ಹಾಳೆ ಬಂತು. ಅದನ್ನು ಟೈಪ್ ಮಾಡುವಾಗಲೇ ನನ್ನ ಕೈ ನಿಂತಿತ್ತು. ಈಗ ದನಿಯೂ ನಿಂತಿತು. ಓದು ಎಂದು ದೊಡ್ಡವ್ವನೇ ಸನ್ನೆ ಮಾಡಿದಳು.

‘ಗಾಳಿ ಏಳುವುದನ್ನು ನಾನು ಮೊದಲೇ ನೋಡಿದ್ದೆ. ಪಾರವ್ವ ನೋಡಿರಲಿಲ್ಲ, ಅವಳು ಸೀರೆಗಾಗಿ ಅಳುತ್ತಿದ್ದಳು. ನೋಡಿಯೂ ಕರೆಯಬೇಡವೆಂದೆ. ಅವನಿಗೆ ಈಜು ಬರುತ್ತದೆ ಅಂದುಕೊಂಡೆ. ತಪ್ಪು ಅವಳದಲ್ಲ.’

ನಾನು ಹಾಳೆಗಳನ್ನು ಮಗುಚಿ ಒಂಬತ್ತನೆಯ ವರ್ಷದ, ಅವ್ವನ ಕೈಯ ಹಾಳೆ ತೆಗೆದೆ.

‘ಅಕ್ಕ ತಡೆದಳೆಂದು ನಾನು ಸುಮ್ಮನಾಗಲಿಲ್ಲ. ಸೀರೆ ಒಯ್ದ ಸಿಟ್ಟಿತ್ತು. ಸ್ವಲ್ಪ ನೆನೆದು ಬರಲಿ, ಬುದ್ಧಿ ಬರುತ್ತದೆ ಅಂದುಕೊಂಡೆ. ಈ ಮಾತು ಯಾರಿಗೂ ಹೇಳಿಲ್ಲ. ಲೆಕ್ಕಕ್ಕೆ ಸೇರಿಸಿಕೊಳ್ಳಿರಿ.’

ಓಣಿಯಲ್ಲಿ ಯಾರೋ ನೀರು ಸೇದುತ್ತಿದ್ದರು. ಗಾಲಿಯ ಕಿರುಗುಟ್ಟುವಿಕೆ ನಮ್ಮ ಕಟ್ಟೆಯವರೆಗೆ ಬರುತ್ತಿತ್ತು. ಹಿಂದೆಂದೂ ಅದು ಕೇಳಿಸಿರಲಿಲ್ಲ. ದೊಡ್ಡವ್ವ ಕೈಚೀಲವನ್ನು ಕಾಲಿನಿಂದ ಬದಿಗೆ ಸರಿಸಿ ಅವ್ವನ ಹತ್ತಿರ ಸರಿದು ಕೂತಳು. ಲಕೋಟೆ ಇಬ್ಬರ ನಡುವೆ ಕಲ್ಲಿನ ಮೇಲಿತ್ತು.

“ಮೂವತ್ತೊಂದು ವರ್ಷ ಇದನ್ನ ಹೊಟ್ಯಾಗ ಇಟಗೊಂಡಿ?” ಎಂದು ಕೇಳಿದಳು.

“ನೀನೂ ಅಷ್ಟ ವರ್ಷ ಇಟಗೊಂಡಿ,” ಅಂದಳು ಅವ್ವ.

ದೊಡ್ಡವ್ವ ಲಕೋಟೆಯನ್ನು ಎತ್ತಿ ನನ್ನ ಕಿಸೆಗೆ ತುರುಕಿದಳು. “ಇದು ನಿನ್ನ ಕಡೀನ ಇರ್ಲಿ. ಆ ಹೊಸಾ ಯಂತ್ರದ ಬಿಲ್ಲಿಯೊಳಗ ಕೆರಿ ಐತೇನ, ಆನಿಬಂಡಿ ಐತೇನ? ನಾವು ಒಮ್ಮೆ ಕರದು ನೋಡತೇವಿ. ನೀ ಬಂಡಿ ತಾವ ಹೋಗಿ ಕುಂಡ್ರು.”

ಅವ್ವ ಎದ್ದು ನಿಂತಿದ್ದಳು.

ಮರುದಿನ ಮಧ್ಯಾಹ್ನ ಹೋದೆವು. ಅವನು ಹೊರಟ ಹೊತ್ತು ಕಡತದಲ್ಲಿತ್ತು: ಊಟವಾಗಿ, ನೆರಳು ಮೆಟ್ಟಿಲಿನ ಮೂರನೆಯ ಕಲ್ಲಿಗೆ ಬಂದಾಗ. ಬಿಸಿಮೆಟ್ಟಿಲ ಬಳಿ ನೀರು ತಣ್ಣಗಾಗಿತ್ತು. ಇಬ್ಬರು ಹೆಂಗಸರು ಕಾಲಿಟ್ಟು ತೆಗೆದು, ಬಟ್ಟೆ ಗಂಟನ್ನು ಮತ್ತೆ ಹೊತ್ತು ಹೊರಟಿದ್ದರು. ಮೀನು ಹಿಡಿಯುವ ಯಮನೂರಪ್ಪ ತನ್ನ ಹರಿಗೋಲಿನಲ್ಲಿ ನನ್ನನ್ನು ಕೂರಿಸಿಕೊಂಡ. ಅವನು ಮಾವನ ವಾರಿಗೆಯವನು. ಆನೆಬಂಡೆಯ ಹತ್ತಿರ ಹುಟ್ಟು ಎತ್ತಿ, “ಇಲ್ಲೇ” ಅಂದ. ಮೂವತ್ತೊಂದು ವರ್ಷದಲ್ಲಿ ಅವನು ಆ ಬಗ್ಗೆ ಆಡಿದ್ದು ಆ ಒಂದು ಮಾತು.

ಗಾಳಿ ಇತ್ತು. ಮೆಟ್ಟಿಲ ಮೇಲೆ ಇಬ್ಬರೂ ಎರಡು ಬೊಟ್ಟಿನಷ್ಟು ಕಾಣುತ್ತಿದ್ದರು. ಸೀರೆಗಳ ಬಣ್ಣ ತಿಳಿಯುತ್ತಿರಲಿಲ್ಲ. ನಾನು ಅವರಿಗೆ ಬೆನ್ನು ಹಾಕಿ, ಎಡಗಿವಿಗೆ ಬೆರಳಿಟ್ಟುಕೊಂಡು ಕೂತೆ. ಹರಿಗೋಲು ಮೆಲ್ಲಗೆ ಸುತ್ತುತ್ತಿತ್ತು. ಯಮನೂರಪ್ಪ ಬಂಡೆಯನ್ನು ಹಿಡಿದುಕೊಂಡ.

“ಫಕೀರಾ.”

ಕೇಳಿಸಿತು. ತೆಳ್ಳಗೆ, ಆದರೆ ಸ್ಪಷ್ಟವಾಗಿ ಕೇಳಿಸಿತು. ಅವ್ವನ ದನಿಯಲ್ಲಿ ಅಂಥ ಎತ್ತರವಿದೆಯೆಂದು ನನಗೆ ಗೊತ್ತಿರಲಿಲ್ಲ. ಕೇಳಿಸಿತೆಂದು ಹೇಳಬೇಕು. ಹೇಳಿದರೆ ಏನಾಗುತ್ತದೆ? ನಿನ್ನೆ ಕಟ್ಟೆಯ ಮೇಲೆ ಆದದ್ದು ಇದನ್ನು ತಡೆದುಕೊಳ್ಳುತ್ತದೆಯೇ? ನಾನು ತಿರುಗಲಿಲ್ಲ. ತಿರುಗಿದರೆ ಅದೇ ಉತ್ತರ. ನೀರು ಹರಿಗೋಲಿನ ಚರ್ಮಕ್ಕೆ ತಟ್ಟುವ ಸದ್ದು ಕೇಳುತ್ತ ಕೂತೆ. ಆಚೆ ದಂಡೆಯಲ್ಲಿ ಯಾರೋ ಎತ್ತಿಗೆ ಬೈಯುವುದು ಕೇಳುತ್ತಿತ್ತು. ಕೊಕ್ಕರೆಯ ರೆಕ್ಕೆಯ ಸದ್ದು ಕೇಳುತ್ತಿತ್ತು. ಆಗ ನನಗೆ ಹೊಳೆಯಿತು.

ಇಷ್ಟೆಲ್ಲ ಇದೇ ಕೆರೆಯಲ್ಲಿ ನನಗೆ ಹಿಂದೆಂದೂ ಕೇಳಿರಲಿಲ್ಲ. ಮಾವ ಹೋದ ದಿನ ಯಂತ್ರ ನಡೆಯುತ್ತಿತ್ತು. ಮಿಲ್ಲಿನ ಗೋಡೆ ಮೆಟ್ಟಿಲಿಗೆ ಹತ್ತು ಮಾರು ದೂರ. ನೂರಾ ಹನ್ನೆರಡು ಹಾಳೆಗಳನ್ನು ಮನಸ್ಸಿನಲ್ಲೇ ಮಗುಚಿದೆ. ಅಂಗಿ ಇತ್ತು, ರೊಟ್ಟಿ ಇತ್ತು, ಸೋರುವ ಕಿವಿ ಇತ್ತು, ದಾರದ ಮೇಲೆ ಒಣಗುವ ಬಟ್ಟೆಯ ಪಟಪಟವೂ ಇತ್ತು. ಯಂತ್ರದ ಸದ್ದೊಂದನ್ನು ಯಾರೂ ಬರೆಸಿರಲಿಲ್ಲ. ಹುಟ್ಟಿದಾಗಿನಿಂದ ಅದರೊಳಗಿದ್ದವರಿಗೆ ಅದು ಕೇಳಿಸುವುದಾದರೂ ಹೇಗೆ? ಬೇರೆ ಊರಿನ ಹೆಣ್ಣುಮಗಳು ಬಸ್ಸಿನಿಂದ ಇಳಿಯುತ್ತಲೇ ಹೇಳಿದ್ದಳು. ನಾವು ಅವಳಿಗೆ ಚಹಾ ಕುಡಿಸಿದ್ದೆವು.

ಯಮನೂರಪ್ಪ ನನ್ನನ್ನು ದಂಡೆಗೆ ತಂದ. ಇಬ್ಬರೂ ಕೊನೆಯ ಮೆಟ್ಟಿಲಿಗೆ ಇಳಿದು ನಿಂತಿದ್ದರು. ಸೀರೆಯ ಅಂಚು ನೀರಲ್ಲಿ ತೋಯುತ್ತಿತ್ತು.

“ಕೇಳಿಸ್ತೇನ?” ದೊಡ್ಡವ್ವ ಕೇಳಿದಳು.

“ಕೇಳಿಸ್ತು,” ಅಂದೆ.

ಅವಳು ಕಣ್ಣು ಮುಚ್ಚಿದಳು. ಅವ್ವ ಅವಳ ರಟ್ಟೆ ಹಿಡಿದುಕೊಂಡಳು.

“ಆದ್ರ ಇವತ್ತ ಯಂತ್ರ ಬಂದ್ ಐತಿ ದೊಡ್ಡವ್ವಾ. ಅವತ್ತ ನಡೀತಿತ್ತು.”

ಇಬ್ಬರೂ ಮಿಲ್ಲಿನ ಕಡೆ ತಿರುಗಿದರು. ಅದರ ಕೊಳವೆಯಿಂದ ಒಂದೊಂದೇ ಹನಿ ಬೀಳುತ್ತಿತ್ತು. ಬಹಳ ಹೊತ್ತು ಅದನ್ನೇ ನೋಡಿದರು.

“ಅದನ್ನ ನಾವು ಬರಸಿಲ್ಲಲ್ಲ,” ಅಂದಳು ಅವ್ವ ಕೊನೆಗೆ, ಒಲೆ ಆರಿಸದೆ ಬಂದದ್ದು ನೆನಪಾದವಳ ಹಾಗೆ.

“ಇಲ್ಲ.”

“ಹಂಗಾದ್ರ ಆ ಚೀಟಿ?”

“ಚೀಟಿಗೂ ಗೊತ್ತಿಲ್ಲ. ಈಗ ಹೋಗಿ ಸೇರಿಸ್ಲಿ ಅಂದ್ರ ಸೇರಸ್ತೀನಿ. ಕಣ್ಣು ಮುಚ್ಚಿ ತೆಗಿಯೂದ್ರೊಳಗ ಹೇಳತೈತಿ.”

ಅವ್ವ ಅಕ್ಕನ ಮುಖ ನೋಡಿದಳು. ದೊಡ್ಡವ್ವ ಮೆಟ್ಟಿಲ ಮೇಲೆ ಕೂತು ಪಾದಗಳನ್ನು ಆ ತಣ್ಣೀರಿಗೆ ಇಳಿಬಿಟ್ಟಳು. “ಶುಕ್ರವಾರ ಹೋಗತೀನಿ,” ಅಂದಳು. “ಇಬ್ರೂ ಕೂಡೇ ಹೋಗತೇವಿ. ಅಂಗಿದೂ ಒಂದ ತೀರ್ಮಾನ ಆಗಬೇಕಲ್ಲ.”

ಅವರು ಹೋದರು. ಅದಾದ ಮೇಲೆ ಎಷ್ಟೋ ಶುಕ್ರವಾರ ಹೋದರು. ಹೊಸದು ಪ್ರತಿ ಸಲ ಕೂಡಲೇ ಒಂದು ಚೀಟಿ ಕೊಡುತ್ತಿತ್ತು. ಅವನ್ನೆಲ್ಲ ಮಡಚಿದ ಹಾಗೆಯೇ ಇಟ್ಟ ಒಂದು ಡಬ್ಬಿ ಈಗ ನನ್ನ ಬಳಿಯಿದೆ. ಕೊಟ್ರಪ್ಪನ ಬೆಂಚಿನ ಮೇಲೆ ಕೊನೆಯವರೆಗೂ ಕೂತವರು ಅವರಿಬ್ಬರೇ. ನನಗೆ ಮಾತ್ರ ಆ ಮಧ್ಯಾಹ್ನವೇ ಹೆಚ್ಚು ನೆನಪಾಗುತ್ತದೆ. ನಾನು ಒದ್ದೆ ಕಾಲಿನಲ್ಲಿ ಮೆಟ್ಟಿಲು ಹತ್ತಿ ಮನೆಯ ಕಡೆ ತಿರುಗಿದ್ದೆ. ಹಿಂದೆ ಅವ್ವ ನೀರಿನ ಕಡೆ ಮುಖ ಮಾಡಿ, ಬಂಡೆಯ ಹತ್ತಿರ ಈಗ ಯಾರೂ ಇಲ್ಲದಿದ್ದರೂ, ಇನ್ನೊಮ್ಮೆ ಆ ಹೆಸರು ಹಿಡಿದು ಕರೆದಳು.

“ಗಟ್ಯಾಗಿ ಕರಿ ಪಾರೂ,” ಅಂದಳು ದೊಡ್ಡವ್ವ.